ಕತೆಯ ಲೋಕಕ್ಕೆ ಓದುಗರೇ ಕಟ್ಟಿದ ಕೋಶಗಳು

ವೈಜ್ಞಾನಿಕ ಕತೆಗಳ ಸರಣಿಯೊಂದು ಹತ್ತಿಪ್ಪತ್ತು ವರ್ಷ ನಡೆದರೆ ಅದರ ವಿವರಗಳು ಬರೆದವರ ತಲೆಯಲ್ಲೂ ಪೂರ್ತಿ ಉಳಿಯುವುದಿಲ್ಲ. ಯಾವ ಪಾತ್ರ ಯಾವ ಕಂತಿನಲ್ಲಿ ಸತ್ತಿತು, ಯಾವ ನೌಕೆ ಯಾವ ಗ್ರಹಕ್ಕೆ ಹೊರಟಿತ್ತು ಎಂಬುದನ್ನೆಲ್ಲ ನೆನಪಿನಲ್ಲಿಟ್ಟು, ಬರೆದಿಟ್ಟು, ಇನ್ನೊಬ್ಬರಿಗೆ ದಾಟಿಸುವ ಕೆಲಸವನ್ನು ಮೊದಲಿಂದಲೂ ಅಭಿಮಾನಿಗಳೇ ಹೊತ್ತುಕೊಂಡಿದ್ದಾರೆ. ಮನೆಯ ಮೇಜಿನ ಮೇಲೆ ಸಣ್ಣ ಸಣ್ಣ ಕಾರ್ಡುಗಳಲ್ಲಿ ಶುರುವಾದ ಈ ಕೆಲಸ ಇಂದು ಲಕ್ಷಗಟ್ಟಲೆ ಪುಟಗಳ ಜಾಲಕೋಶಗಳವರೆಗೆ ಬೆಳೆದಿದೆ. ಕನ್ನಡದಲ್ಲಿ ಇದಕ್ಕೆ ಬೇಕಾದ ಪರಂಪರೆ ಇದೆ, ಸಾಧನಗಳೂ ಇವೆ. ಆದರೆ ನಮ್ಮ ವೈಜ್ಞಾನಿಕ ಕತೆಗಳಿಗೆ ಓದುಗರು ಕೂಡಿ ಕಟ್ಟಿದ ಇಂಥ ಕೋಶ ಇನ್ನೂ ರೂಪುಗೊಳ್ಳಬೇಕಾಗಿದೆ. ಅದಕ್ಕಾಗಿಯೇ ಈ ಸಮೀಕ್ಷೆ.

ಅಮೆರಿಕದ ಡೊನಾಲ್ಡ್ ಡೇ ಎಂಬ ಓದುಗ 1926ರಿಂದ 1950ರವರೆಗಿನ ವೈಜ್ಞಾನಿಕ ಕತೆಗಳ ಪತ್ರಿಕೆಗಳಿಗೆ ಒಂದು ಸೂಚಿ ಸಿದ್ಧಪಡಿಸಿ 1952ರಲ್ಲಿ ಪ್ರಕಟಿಸಿದರು. ಯಾವ ಕತೆ ಯಾವ ಪತ್ರಿಕೆಯ ಯಾವ ಸಂಚಿಕೆಯಲ್ಲಿ ಬಂತು ಎಂಬ ಮಾಹಿತಿ ಮಾತ್ರ ಅದರಲ್ಲಿತ್ತು. ಆದರೂ ಮುಂದೆ ಬಂದ ಕೋಶಗಳಿಗೆ ಬುನಾದಿ ಹಾಕಿದ್ದು ಇಂಥ ಸೂಚಿಗಳೇ. 1966ರಲ್ಲಿ 'ಸ್ಟಾರ್ ಟ್ರೆಕ್' ಎಂಬ ವೈಜ್ಞಾನಿಕ ಟಿವಿ ಧಾರಾವಾಹಿ ಶುರುವಾದಾಗ ಮನೆಯಲ್ಲಿ ವಿಸಿಆರ್ ಇಲ್ಲದ ಕಾಲ. ಒಮ್ಮೆ ತಪ್ಪಿದ ಕಂತು ಮತ್ತೆ ಯಾವಾಗ ಕಣ್ಣಿಗೆ ಬೀಳುತ್ತದೋ ಗೊತ್ತಿರಲಿಲ್ಲ. ಅಂಥ ದಿನಗಳಲ್ಲಿ ಡೊರೊತಿ ಜೋನ್ಸ್ ಮತ್ತು ಬಿಜೊ ಟ್ರಿಂಬಲ್ ಎಂಬ ಇಬ್ಬರು ಮಹಿಳೆಯರು ಪಾತ್ರ, ಗ್ರಹ, ಯಂತ್ರ, ಕಂತುಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿ 1969ರಲ್ಲಿ ತಾವೇ ಪುಸ್ತಕ ಮಾಡಿ ಹಂಚಿದರು. 1976ರಲ್ಲಿ ಅದನ್ನು ದೊಡ್ಡ ಪ್ರಕಾಶನವೊಂದು ಹೊರತಂದಿತು. ಅಭಿಮಾನಿಗಳ ಕೈಕೆಲಸ ಮಾರುಕಟ್ಟೆಯ ಪುಸ್ತಕವಾದದ್ದು ಸಣ್ಣ ಸಂಗತಿಯಲ್ಲ.

ಮುಂದಿನ ದೊಡ್ಡ ತಿರುವು ಬಂದದ್ದು ತಂತ್ರಜ್ಞಾನದಿಂದ. ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಯಾರು ಬೇಕಾದರೂ ತಿದ್ದಬಹುದಾದ ವಿಕಿ ಎಂಬ ಏರ್ಪಾಡನ್ನು ಜಾಲಕ್ಕೆ ತಂದರು. 2001ರಲ್ಲಿ ವಿಕಿಪೀಡಿಯ ಹುಟ್ಟಿತು. ಆದರೆ ಅಂಥ ವಿಶ್ವಕೋಶದಲ್ಲಿ ಕಲ್ಪಿತ ಲೋಕದ ಸಣ್ಣಪುಟ್ಟ ವಿವರಗಳಿಗೆ ಜಾಗ ಕಡಿಮೆ. ಕಾದಂಬರಿಗೊಂದು ಲೇಖನ ಸಲ್ಲುತ್ತದೆ, ಅದರೊಳಗಿನ ನಾಯಿಗೂ ಒಂದು ಲೇಖನ ಎಂದರೆ ಸಂಪಾದಕರು ಒಪ್ಪುವುದು ಕಷ್ಟ. ಆದ್ದರಿಂದ ಅಭಿಮಾನಿಗಳು ಬೇರೆ ಮನೆ ಮಾಡಿದರು. 2003ರ ಡಿಸೆಂಬರ್‌ನಲ್ಲಿ ಹ್ಯಾರಿ ಡೊಡೆಮಾ ಮತ್ತು ಡ್ಯಾನ್ ಕಾರ್ಲ್‌ಸನ್ 'ಮೆಮೊರಿ ಆಲ್ಫಾ' ಎಂಬ ಸ್ಟಾರ್ ಟ್ರೆಕ್ ಕೋಶವನ್ನು ತೆರೆದರು. ಇಂದು ಅದರ ಇಂಗ್ಲಿಷ್ ಆವೃತ್ತಿಯಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಪುಟಗಳಿವೆ.

ಮೆಮೊರಿ ಆಲ್ಫಾದ ಗಾತ್ರಕ್ಕಿಂತ ಅದರ ಶಿಸ್ತು ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಮೊದಲನೆಯದಾಗಿ, ಕಿರುತೆರೆ ಮತ್ತು ಚಲನಚಿತ್ರಗಳಲ್ಲಿ ಕಂಡದ್ದು, ಕೇಳಿದ್ದು ಮಾತ್ರ ಅಲ್ಲಿ ಪ್ರಮಾಣ. ಕಾದಂಬರಿ, ಕಾಮಿಕ್ಸ್‌ಗಳ ಸಂಗತಿಗೆ ಲೇಖನದ ಮುಖ್ಯ ಭಾಗದಲ್ಲಿ ಪ್ರವೇಶವಿಲ್ಲ. ಅವುಗಳಿಗಾಗಿ 'ಮೆಮೊರಿ ಬೀಟಾ' ಎಂಬ ಇನ್ನೊಂದು ಕೋಶವೇ ಬೆಳೆಯಿತು. ಎರಡನೆಯದಾಗಿ, ಲೇಖನವನ್ನು ಕತೆಯ ಲೋಕದೊಳಗೆ ನಿಂತು, ಎಲ್ಲವೂ ನಡೆದುಹೋದ ಇತಿಹಾಸ ಎಂಬಂತೆ ಭೂತಕಾಲದಲ್ಲಿ ಬರೆಯಬೇಕು. ನಟರು, ಚಿತ್ರೀಕರಣ, ನಿರ್ಮಾಣದ ವಿಷಯಗಳಿಗೆ ಬೇರೆ ವಿಭಾಗ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಪ್ರತಿ ಸಂಗತಿಯ ಜೊತೆಗೂ ಅದು ಬಂದ ಕಂತಿನ ಹೆಸರು ಇರಲೇಬೇಕು. ಅಪರಿಚಿತರು ನೂರಾರು ಮಂದಿ ಸೇರಿ ಬರೆದದ್ದು ನಂಬಲರ್ಹವಾಗುವುದು ಈ ಮೂರನೆಯ ನಿಯಮದಿಂದ.

2005ರಲ್ಲಿ 'ಸ್ಟಾರ್ ವಾರ್ಸ್' ಚಿತ್ರಸರಣಿಗಾಗಿ ಹುಟ್ಟಿದ 'ವೂಕಿಪೀಡಿಯ' ಗಾತ್ರದಲ್ಲಿ ಮೆಮೊರಿ ಆಲ್ಫಾವನ್ನೂ ಮೀರಿಸಿತು. ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪುಟಗಳಿವೆ. 2014ರಲ್ಲಿ ಆ ಚಿತ್ರಗಳನ್ನು ನಿರ್ಮಿಸುವ ಲ್ಯೂಕಾಸ್‌ಫಿಲ್ಮ್ ಸಂಸ್ಥೆ ಹಳೆಯ ಕಾದಂಬರಿಗಳನ್ನೆಲ್ಲ ಅಧಿಕೃತ ಕಥಾಲೋಕದಿಂದ ಹೊರಗಿಟ್ಟು 'ಲೆಜೆಂಡ್ಸ್' ಎಂದು ಕರೆದಾಗ ಸ್ವಯಂಸೇವಕರು ಯಾವುದನ್ನೂ ಅಳಿಸಲಿಲ್ಲ. ಒಂದೇ ಪಾತ್ರಕ್ಕೆ ಎರಡು ಪುಟ ಮಾಡಿ, ಒಂದರಿಂದ ಇನ್ನೊಂದಕ್ಕೆ ದಾರಿ ಇಟ್ಟರು. ಇಷ್ಟು ದೊಡ್ಡ ಶ್ರಮವನ್ನು ಬಿಡಿಗಾಸಿನ ಆಸೆಯಿಲ್ಲದೆ ಮಾಡಿದವರ ಬಗ್ಗೆ ಗೌರವ ಹುಟ್ಟುತ್ತದೆ.

ಇನ್ನು ನಮ್ಮ ಕಡೆ ನೋಡೋಣ. ಆಕರ ಸಮೇತ ಸಂಗತಿ ಕೂಡಿಡುವ ಶಿಸ್ತು ಕನ್ನಡಕ್ಕೆ ಹೊಸದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ 1970ರಲ್ಲಿ, ಎಂಟನೆಯ ಸಂಪುಟ 1995ರಲ್ಲಿ ಬಂತು. ಹಲವು ವಿದ್ವಾಂಸರು ಶಾಸನ, ಕಾವ್ಯಗಳನ್ನು ಓದಿ ಬರೆದುಕೊಂಡ ಪ್ರಯೋಗಗಳಿಂದ ಕಟ್ಟಿದ ಮನೆ ಅದು. ಇಂಥ ಪದ ಇಂಥ ಅರ್ಥದಲ್ಲಿ ಇಂಥ ಕೃತಿಯಲ್ಲಿ ಬಂದಿದೆ ಎಂಬುದು ಅದರ ಜೀವ. ಮೆಮೊರಿ ಆಲ್ಫಾದವರು ಕಂತಿನ ಹೆಸರು ಕೇಳುವುದೂ ಇದೇ ಕಾರಣಕ್ಕೆ.

ಗಣಕದಲ್ಲಿ ಮಾತ್ರ ನಾವು ತಡವಾದೆವು. ಬರಹ, ನುಡಿ ತಂತ್ರಾಂಶಗಳಿಂದ ಕನ್ನಡ ಟೈಪಿಂಗ್ ಮನೆಮನೆಗೆ ಬಂದರೂ ಹಳೆಯ ಫಾಂಟುಗಳಲ್ಲಿ ಬರೆದದ್ದನ್ನು ಜಾಲದಲ್ಲಿ ಹುಡುಕಲು ಆಗುತ್ತಿರಲಿಲ್ಲ. ಯೂನಿಕೋಡ್ ಬಂದ ಮೇಲೆ ಆ ಗೋಡೆ ಬಿತ್ತು. ಮೆಮೊರಿ ಆಲ್ಫಾ ತೆರೆದ 2003ರಲ್ಲೇ, ಅದಕ್ಕಿಂತ ಕೆಲವು ತಿಂಗಳು ಮೊದಲು, ಕನ್ನಡ ವಿಕಿಪೀಡಿಯ ಶುರುವಾಯಿತು. ಎರಡಕ್ಕೂ ಆಧಾರ ಮೀಡಿಯಾವಿಕಿ ಎಂಬ ಒಂದೇ ಮುಕ್ತ ತಂತ್ರಾಂಶ. ನಂತರದ ಮಹತ್ವದ ಪ್ರಯತ್ನ ಓಂಶಿವಪ್ರಕಾಶ್, ಪವಿತ್ರ ಮತ್ತು ಗೆಳೆಯರ 'ಸಂಚಯ' ಬಳಗದ್ದು. ಅವರ ವಚನ ಸಂಚಯದಲ್ಲಿ ಒಂದು ಪದ ಕೊಟ್ಟರೆ ಅದನ್ನು ಯಾವ ಯಾವ ವಚನಕಾರರು ಎಲ್ಲೆಲ್ಲಿ ಬಳಸಿದ್ದಾರೆ ಎಂಬುದು ತೆರೆಯ ಮೇಲೆ ಬರುತ್ತದೆ. ಸ್ಕ್ಯಾನ್ ಆಗಿಯೂ ಇಂಗ್ಲಿಷ್ ಅಕ್ಷರದ ತಪ್ಪು ಕಾಗುಣಿತದಲ್ಲಿ ಹೂತುಹೋಗಿದ್ದ ಕನ್ನಡ ಪುಸ್ತಕಗಳ ಹೆಸರನ್ನು ಜನರ ಕೈಯಿಂದಲೇ ಕನ್ನಡಕ್ಕೆ ತರಿಸಿದ್ದೂ ಇದೇ ಬಳಗ. ನಾನು ಹೇಳುತ್ತಿರುವ ಕೋಶಕ್ಕೆ ಕನ್ನಡದಲ್ಲಿ ತೀರ ಹತ್ತಿರದ ಮಾದರಿ ಇದು.

ಕನ್ನಡದ ವೈಜ್ಞಾನಿಕ ಕತೆಗಳು ಬಹುಪಾಲು ಬೆಳೆದದ್ದು ಪತ್ರಿಕೆಗಳ ಮಡಿಲಲ್ಲಿ. ಕಸ್ತೂರಿ 1956ರಿಂದ, ಸುಧಾ 1965ರಿಂದ, ಮಯೂರ 1968ರಿಂದ ಬರುತ್ತಿವೆ. ರಾಜಶೇಖರ ಭೂಸನೂರಮಠ ಈ ಪ್ರಕಾರಕ್ಕೇ ಹೆಸರಾದವರು. 'ಮಹಾಸಂಪರ್ಕ' ಬರೆದ ಮನು ಅವರ ನಿಜನಾಮ ಪಿ.ಎನ್. ರಂಗನ್. ಗ್ರಂಥಾಲಯದ ಸೂಚಿಯಲ್ಲಿ 'ಮನು' ಎಂದು ಹುಡುಕಿದರೆ ಮನುಸ್ಮೃತಿಯೂ ಬರುತ್ತದೆ, ಮನು ಬಳಿಗಾರರೂ ಬರುತ್ತಾರೆ. ಕಾವ್ಯನಾಮ ಮತ್ತು ನಿಜನಾಮವನ್ನು ಜೋಡಿಸುವ ಒಂದು ಸಾಲು ಎಷ್ಟು ಉಪಕಾರ ಮಾಡುತ್ತದೆ ನೋಡಿ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ ತಮ್ಮ ರೋಚಕ ಕಾದಂಬರಿಗಳ ಜೊತೆಗೆ ತಾವೇ ಆಕರಗಳನ್ನು ಕೊಡುತ್ತಾರೆ. ಅಲ್ಲಿ ಲೇಖಕರೇ ಅರ್ಧ ಕೆಲಸ ಮಾಡಿಕೊಟ್ಟಿದ್ದಾರೆ.

ಒಂದು ನಮೂದು ಹೇಗಿರಬಹುದು ಎಂದು ಪೂರ್ಣಚಂದ್ರ ತೇಜಸ್ವಿಯವರ ಬರಹಗಳಲ್ಲಿ ಬರುವ ಕಿವಿ ಎಂಬ ನಾಯಿಯನ್ನೇ ತೆಗೆದುಕೊಳ್ಳೋಣ. 1980ರ 'ಕರ್ವಾಲೊ'ದಲ್ಲಿ ಹಾರುವ ಓತಿಯ ಬೆನ್ನುಹತ್ತಿದ ತಂಡದ ಕತೆಯಲ್ಲಿ ಕಿವಿ ಇದೆ. 'ಪರಿಸರದ ಕತೆ'ಯಲ್ಲೂ ಇದೆ. ಒಂದು ಕಾದಂಬರಿ, ಇನ್ನೊಂದು ಅನುಭವಗಳ ಬರಹ. ಎರಡರ ಕಿವಿಯೂ ಒಂದೇ ಎಂದು ಒಂದೇ ಪುಟದಲ್ಲಿ ಸೇರಿಸಬಹುದೇ? ವೂಕಿಪೀಡಿಯದವರಂತೆ ಎರಡು ಪುಟ ಮಾಡಿ ದಾರಿ ಇಡುವುದೇ ಸರಿ ಎನ್ನುತ್ತೇನೆ ನಾನು. ಉಲ್ಲೇಖಕ್ಕೆ ಪುಟಸಂಖ್ಯೆ ಒಂದೇ ಸಾಲದು. ಮರುಮುದ್ರಣವಾದಂತೆ ಪುಟ ಬದಲಾಗುವುದರಿಂದ ಅಧ್ಯಾಯವನ್ನೂ ಮುದ್ರಣದ ವರ್ಷವನ್ನೂ ಬರೆಯಬೇಕು.

ಹಕ್ಕುಸ್ವಾಮ್ಯದ ಮಾತೂ ಇದೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ತೇಜಸ್ವಿ ತೀರಿಕೊಂಡದ್ದು 2007ರಲ್ಲಿ. ಆದ್ದರಿಂದ ಕತೆಯ ಪಠ್ಯವನ್ನೋ ಚಿತ್ರವನ್ನೋ ಎತ್ತಿ ಹಾಕುವಂತಿಲ್ಲ. ಶೀರ್ಷಿಕೆ, ಪಾತ್ರ, ದಿನಾಂಕಗಳಂಥ ಸಂಗತಿಗಳನ್ನು ನಮ್ಮ ಮಾತಿನಲ್ಲಿ ಬರೆಯಲು ಅಡ್ಡಿಯಿಲ್ಲ.

ನಾನಿರುವ ತ್ಯಾಮಗೊಂಡ್ಲಿನಂಥ ಹೋಬಳಿ ಊರುಗಳಲ್ಲಿ ಹಳೆಯ ಸುಧಾ, ತರಂಗ, ಕಸ್ತೂರಿಗಳ ಕಟ್ಟುಗಳು ಇನ್ನೂ ಕೆಲವು ಮನೆಗಳ ಅಟ್ಟದಲ್ಲಿವೆ. ಕೆಲವರು ಧಾರಾವಾಹಿಯ ಪುಟಗಳನ್ನು ಕತ್ತರಿಸಿ ದಾರದಲ್ಲಿ ಹೊಲಿದು ಪುಸ್ತಕ ಮಾಡಿಟ್ಟಿದ್ದಾರೆ. ಹಾಗೆ ಹೊಲಿದದ್ದರಲ್ಲಿ ಕತೆ ಇರುತ್ತದೆ, ಸಂಚಿಕೆಯ ದಿನಾಂಕ ಹೋಗಿರುತ್ತದೆ. ಮನೆ ಬದಲಿಸುವಾಗ ಉಳಿದದ್ದೂ ತೂಕಕ್ಕೆ ಹೋಗುತ್ತದೆ. ಅದಕ್ಕೆ ಮೊದಲೇ ಪಟ್ಟಿ ಮಾಡಿಕೊಳ್ಳಲು ಅನುಕೂಲವಿದೆ: ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಕಾಲೇಜು ಹುಡುಗ ಹುಡುಗಿಯರ ಕೈಯಲ್ಲಿ ಕನ್ನಡ ಕೀಲಿಮಣೆಯ ಫೋನಿದೆ. ಮೊದಲ ದಿನವೇ ಪಾತ್ರಕೋಶ ಬೇಕಿಲ್ಲ, ಡೊನಾಲ್ಡ್ ಡೇ ಮಾಡಿದಂಥ ಸೂಚಿ ಸಾಕು.

ನಿಮ್ಮ ಮನೆಯಲ್ಲಿ ಅಂಥ ಕಟ್ಟು ಇದ್ದರೆ ತೂಕಕ್ಕೆ ಹಾಕುವ ಮೊದಲು ಬಿಚ್ಚಿ ನೋಡಿ. ವೈಜ್ಞಾನಿಕ ಕತೆ ಕಂಡರೆ ಪತ್ರಿಕೆಯ ಹೆಸರು, ಸಂಚಿಕೆಯ ದಿನಾಂಕ, ಪುಟ, ಲೇಖಕರು, ಚಿತ್ರ ಬರೆದವರು ಇಷ್ಟನ್ನು ಬರೆದುಕೊಳ್ಳಿ. ಲೇಖಕರಿಗೆ ಕನ್ನಡ ವಿಕಿಪೀಡಿಯದಲ್ಲಿ ಪುಟವಿದ್ದರೆ ಆಕರ ಸಮೇತ ಅಲ್ಲಿ ಸೇರಿಸಿ. ಇಲ್ಲದಿದ್ದರೆ ಹತ್ತಿರದ ಗ್ರಂಥಾಲಯದಲ್ಲಿ ಒಂದು ದಪ್ಪ ನೋಟ್‌ಬುಕ್ ಇಡಿಸಿ, ಅದರಲ್ಲಿ ಬರೆಯಲು ಶುರು ಮಾಡಿ.