ಕ್ಯಾಮೆರಾದ ತಿದಿ

ಕಮ್ಮಾರಸಾಲೆಯ ತಿದಿಯನ್ನು ನಮ್ಮಲ್ಲಿ ಹಲವರು ಊರಿನಲ್ಲಿ ಕಂಡಿರಬಹುದು. ಹಾರ್ಮೋನಿಯಂನ ಬೆನ್ನಿಗೂ ಒಂದು ತಿದಿ ಉಂಟು. ಹಳೆಯ ಮಡಿಸುವ ಕ್ಯಾಮೆರಾದಲ್ಲಿ ಮಸೂರಕ್ಕೂ ಫಿಲ್ಮಿಗೂ ನಡುವೆ ಇರುವ, ನೆರಿಗೆ ನೆರಿಗೆಯಾದ ಕಪ್ಪು ಚೀಲವೂ ಅದೇ ಜಾತಿಯದು. ಆದರೆ ಇದರ ಕೆಲಸ ಗಾಳಿ ಊದುವುದಲ್ಲ, ಬೆಳಕನ್ನು ಹೊರಗಿಡುವುದು.

ನಮ್ಮ ತಾತನವರ ಬಳಿ 1950ರ ದಶಕದ ಇಂಥ ಒಂದು ಕ್ಯಾಮೆರಾ ಇತ್ತು. ಅವರ ಆಲ್ಬಮ್ 1968ಕ್ಕೆ ನಿಂತುಹೋಗಿದೆ. ಕೊನೆಯ ಪುಟಗಳ ಚಿತ್ರಗಳಲ್ಲೆಲ್ಲ ಬಿಳಿಯ ಕಲೆಗಳು. ಕ್ಯಾಮೆರಾದ ಆಯುಷ್ಯ ಮುಗಿಯಿತೆಂದು ಸ್ಟುಡಿಯೋದವರು ಹೇಳಿದರಂತೆ. ಅದು ಅಟ್ಟ ಸೇರಿತು. ಎಂಟು ವರ್ಷದ ಹುಡುಗನಾದ ಮೇಲೆ ನಮ್ಮ ತಂದೆಯವರದು ಮದುವೆಯವರೆಗೆ ಒಂದು ಚಿತ್ರವೂ ಇಲ್ಲ. ಕೆಟ್ಟದ್ದು ಏನು ಎಂದು ನೋಡಹೊರಟಾಗ ಈ ಚೀಲದ ಚರಿತ್ರೆಯೇ ತೆರೆದುಕೊಂಡಿತು.

ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ದಾಗೆರ್ ಬಳಸಿದ್ದು ಒಂದರೊಳಗೊಂದು ಜಾರುವ ಮರದ ಪೆಟ್ಟಿಗೆಗಳನ್ನು. ಅವು ಭಾರ. ಅದೇ ವರ್ಷ ಫ್ರಾನ್ಸಿನ ಬ್ಯಾರನ್ ಸೆಗಿಯೆ ಪೆಟ್ಟಿಗೆಗೆ ಬದಲಾಗಿ ತಿದಿಯನ್ನು ಅಳವಡಿಸಿದರು. 1857ರಲ್ಲಿ ಎಡಿನ್‌ಬರೋದ ವಾಸ್ತುಶಿಲ್ಪಿ ಸಿ. ಜಿ. ಎಚ್. ಕಿನ್ನಿಯರ್ ಮುಂದೆ ಕಿರಿದಾಗುತ್ತ ಹೋಗುವ ತಿದಿಯನ್ನು ಬಳಕೆಗೆ ತಂದರು. ಚೌಕ ತಿದಿಯಲ್ಲಿ ನೆರಿಗೆಗಳು ಒಂದರ ಮೇಲೊಂದು ಪೇರುತ್ತವೆ. ಕಿರಿದಾಗುವ ತಿದಿಯಲ್ಲಿ ಒಂದರೊಳಗೊಂದು ಕೂರುತ್ತವೆ. ಕ್ಯಾಮೆರಾ ತೆಳ್ಳಗಾಗಲು ಈ ಸಣ್ಣ ಉಪಾಯವೇ ಸಾಕಾಯಿತು. 1898ರ ಫೋಲ್ಡಿಂಗ್ ಪಾಕೆಟ್ ಕೊಡಕ್, ಮೊದಲ ಮಹಾಯುದ್ಧದಲ್ಲಿ ಸೈನಿಕರು ಕೊಂಡೊಯ್ದ 1912ರ ವೆಸ್ಟ್ ಪಾಕೆಟ್ ಕೊಡಕ್, 1929ರ ಜರ್ಮನಿಯ ಇಕೊಂಟಾ – ಇವೆಲ್ಲ ತಿದಿಯ ಕೃಪೆಯಿಂದಲೇ ಜೇಬಿಗಿಳಿದವು.

ತಿದಿಗೆ ಮೂರು ಪದರ: ಒಳಗೆ ಕಪ್ಪು ಬಟ್ಟೆ, ನಡುವೆ ರಟ್ಟಿನ ಪಟ್ಟಿಗಳು, ಹೊರಗೆ ತೆಳು ಚರ್ಮ. ತೊಗಟೆಯಿಂದ ಹದ ಮಾಡಿದ ಚರ್ಮಕ್ಕೂ ಮರಣವುಂಟು. ನಮ್ಮ ಕಡೆಯ ತಂಗಡಿ ತೊಗಟೆಯ ಚರ್ಮವೂ ಈ ಬಗೆಯದೇ. ಕಲ್ಲಿದ್ದಲು ಹೊಗೆಯ ಗಂಧಕದ ಡೈಆಕ್ಸೈಡನ್ನು ಹೀರಿ, ಕಾಲಕ್ರಮದಲ್ಲಿ ಆಮ್ಲವಾಗಿಸಿಕೊಂಡು, ಅದು ಕೆಂಪು ಪುಡಿಯಾಗುತ್ತದೆ. ಆದರೂ ನೂರು ವರ್ಷದ ಎಷ್ಟೋ ಚರ್ಮದ ತಿದಿಗಳು ಇಂದಿಗೂ ಗಟ್ಟಿಯಾಗಿವೆ.

ಯುದ್ಧಾನಂತರದ ಅಗ್ಗದ ಮಾದರಿಗಳಲ್ಲಿ ಚರ್ಮದ ಸ್ಥಾನಕ್ಕೆ ಪ್ಲಾಸ್ಟಿಕ್ ಲೇಪಿಸಿದ ಬಟ್ಟೆ ಬಂತು. ನಮ್ಮ ಕ್ಯಾಮೆರಾದಲ್ಲಿದ್ದದ್ದೂ ಅದೇ. ಪಿ.ವಿ.ಸಿ. ಸ್ವಭಾವತಃ ಗಡಸು. 1926ರಲ್ಲಿ ಅಮೆರಿಕದ ವಾಲ್ಡೊ ಸೀಮನ್ ಅದಕ್ಕೆ ಎಣ್ಣೆಯಂಥ ದ್ರವ ಬೆರೆಸಿ ಮೆತ್ತಗಾಗಿಸುವ ಬಗೆಯನ್ನು ಕಂಡುಕೊಂಡರು. ಆ ದ್ರವ ಪ್ಲಾಸ್ಟಿಕ್ಕಿನೊಡನೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ; ಸುಮ್ಮನೆ ತಂಗಿರುತ್ತದೆ, ವರ್ಷಗಳು ಕಳೆದಂತೆ ಹೊರಟುಹೋಗುತ್ತದೆ. ಉಳಿದ ಪದರ ಮಡಿಕೆಗಳು ಕೂಡುವ ಮೂಲೆಗಳಲ್ಲಿ ಮೊದಲು ಬಿರಿಯುತ್ತದೆ. ಸೂಜಿಮೊನೆಯಷ್ಟು ತೂತು ಸಾಕು, ಚಿತ್ರದ ಮೇಲೆ ಬಿಳಿ ಕಲೆ ಬೀಳಲು. ತಾತನವರ ಕ್ಯಾಮೆರಾದ ಗಾಜು ಸರಿಯಿತ್ತು, ಲೋಹ ಸರಿಯಿತ್ತು. ಸತ್ತದ್ದು ಅಂಗೈಯಗಲದ ಬಟ್ಟೆ ಮಾತ್ರ.

ಹೊಸ ತಿದಿಯನ್ನು ನಾನೇ ಮಾಡಿದೆ. ಹಳೆಯದನ್ನು ಬಿಡಿಸಿ, ನೆರಿಗೆ ಎಣಿಸಿ, ಅಳತೆ ತೆಗೆದು, ಮೊದಲು ಕಾಗದದಲ್ಲಿ ಮಡಿಸಿ ಕಲಿತೆ. ಪಟ್ಟಿಗಳ ನಡುವೆ ಮಡಿಕೆಗೆ ಎಡೆ ಬಿಡಬೇಕು. ಚರ್ಮ ಕೂದಲೆಳೆಯಷ್ಟು ದಪ್ಪವಾದರೂ ಕ್ಯಾಮೆರಾದ ಬಾಗಿಲು ಮುಚ್ಚುವುದಿಲ್ಲ. ನನ್ನ ಮೊದಲೆರಡು ಪ್ರಯತ್ನಗಳು ಅಲ್ಲಿಯೇ ಸೋತವು. ಮೂರನೆಯದನ್ನು ರಾತ್ರಿಯೆಲ್ಲ ಪುಸ್ತಕಗಳ ಭಾರದಡಿ ಇಟ್ಟು, ಮರುದಿನ ಕತ್ತಲೆ ಕೋಣೆಯಲ್ಲಿ ಒಳಗೊಂದು ಪುಟ್ಟ ದೀಪ ಹಚ್ಚಿ ನೋಡಿದೆ. ಎಲ್ಲಿಯೂ ಬೆಳಕು ಕಾಣಲಿಲ್ಲ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ತಂದೆಯವರನ್ನು ಹಳೆಯ ಜಗಲಿಯ ಮೇಲೆ ಕೂರಿಸಿ ಒಂದು ಸುರುಳಿ ತೆಗೆದೆ. ಹನ್ನೆರಡು ಚಿತ್ರಗಳಲ್ಲಿ ಹನ್ನೊಂದು ಸ್ವಚ್ಛವಾಗಿ ಬಂದವು. ಒಂದು ಮಸುಕಾಯಿತು. ತಪ್ಪು ನನ್ನದೇ: ಫಿಲ್ಮ್ ಸುತ್ತಿದ ಮೇಲೆ ಕ್ಯಾಮೆರಾವನ್ನು ರಪ್ಪನೆ ತೆರೆದಿದ್ದೆ. ಹಾಗೆ ತೆರೆದರೆ ಒಳಗಿನ ಗಾಳಿ ಎಳೆದು, ಫಿಲ್ಮ್ ಮುಂದಕ್ಕೆ ಉಬ್ಬುತ್ತದೆ. ಎಷ್ಟಾದರೂ ಅದು ತಿದಿಯಲ್ಲವೇ! ಹಳೆಯ ತಿದಿಯನ್ನು ಎಸೆಯದೆ ಒಂದು ಲಕೋಟೆಯಲ್ಲಿ ಹಾಕಿ ಕ್ಯಾಮೆರಾದ ಜೊತೆಗೇ ಇಟ್ಟಿದ್ದೇನೆ. ನಾನು ಮಾಡಿದ್ದೂ ಒಂದು ದಿನ ಬಿರಿಯುತ್ತದೆ. ಆಗ ರಿಪೇರಿ ಮಾಡುವವರಿಗೆ ಅಳತೆ ಬೇಕಾದೀತು.

ಓದುಗರ ಅಟ್ಟಗಳಲ್ಲಿಯೂ ಇಂಥ ಕ್ಯಾಮೆರಾಗಳು ಮಲಗಿರಬಹುದು. ಎಸೆಯುವ ಮುನ್ನ ಒಳಗೊಂದು ದೀಪ ಹಿಡಿದು ನೋಡಿ.