ಆಕಾಶದ ಲೈನ್‌ಕ್ಲಿಯರ್
(ಬಾನುಲಿ ಭಾಷಣ)

ಹುಬ್ಬಳ್ಳಿ–ಧಾರವಾಡದ ಕಡೆಯ ಹಿರಿಯರಿಗೆ ‘ಲೈನ್‌ಕ್ಲಿಯರ್’ ಎಂಬ ಮಾತು ಹೊಸದಲ್ಲ. ಕನ್ಯೆಯ ಮನೆಯವರು ಹೂಂ ಎಂದರೂ ‘ಲೈನ್‌ಕ್ಲಿಯರ್ ಆತು’ ಎನ್ನುವಷ್ಟು ಅದು ನಮ್ಮ ಆಡುನುಡಿಯಲ್ಲಿ ಬೆರೆತುಹೋಗಿದೆ. ಒಂಟಿ ಹಳಿಯ ಮೇಲೆ ಎರಡು ಗಾಡಿಗಳು ಎದುರುಬದುರಾಗದಂತೆ ರೈಲ್ವೆಯವರು ಕಂಡುಕೊಂಡ ಉಪಾಯದಿಂದ ಹುಟ್ಟಿದ ಮಾತು ಅದು. ಮುಂದಿನ ಸ್ಟೇಷನ್ನಿನ ಮಾಸ್ತರರು ಒಪ್ಪದೆ ಇಲ್ಲಿಯ ಯಂತ್ರದಿಂದ ಟೋಕನ್ ಹೊರಬೀಳುತ್ತಿರಲಿಲ್ಲ. ಹೊರಬಿದ್ದ ಟೋಕನ್ನನ್ನು ಚೀಲದಲ್ಲಿಟ್ಟು, ಚೀಲವನ್ನು ದೊಡ್ಡದೊಂದು ಬಳೆಗೆ ಕಟ್ಟಿ, ನಿಲ್ಲದೆ ಸಾಗುವ ಗಾಡಿಯ ಚಾಲಕನ ತೋಳಿಗೆ ಸಿಕ್ಕುವಂತೆ ಎತ್ತಿ ಹಿಡಿಯುತ್ತಿದ್ದರು. ಅನುಮತಿಗೆ ಆಗ ತೂಕವಿತ್ತು, ಆಕಾರವಿತ್ತು. ಅದನ್ನು ಕೈಯಲ್ಲಿ ಹಿಡಿದು ನೋಡಬಹುದಾಗಿತ್ತು.

ಆಕಾಶಕ್ಕೆ ಹಳಿಗಳಿಲ್ಲ, ವಿಮಾನಕ್ಕೆ ಬಳೆಯನ್ನು ಎಸೆಯುವಂತೆಯೂ ಇಲ್ಲ. ಅಲ್ಲಿ ಅನುಮತಿಯೆಂದರೆ ಬರಿಯ ಮಾತು. ಆ ಮಾತು ಕಿವಿಗೆ ಬಿದ್ದಿತೆ, ಬಿದ್ದದ್ದು ಸರಿಯಾಗಿಯೇ ಬಿದ್ದಿತೆ ಎಂಬುದನ್ನು ತಿಳಿಯಲು ಒಂದೇ ದಾರಿ, ಕೇಳಿದವನು ಕೇಳಿದ್ದನ್ನು ಮರಳಿ ನುಡಿಯುವುದು. ಇದನ್ನು ಮರುನುಡಿ ಎಂದು ಕರೆಯೋಣ. ಹೊರಡುವ ವಿಮಾನಕ್ಕೆ ಅದರ ಮಾರ್ಗದ ಅನುಮತಿಯನ್ನು ಓದಿ ಹೇಳಿ, ಮರುನುಡಿಯನ್ನು ಆಲಿಸಿ, ಸರಿಯೆಂದು ಒಪ್ಪುವ ಸ್ಥಾನಕ್ಕೆ ದೊಡ್ಡ ನಿಲ್ದಾಣಗಳಲ್ಲಿ ‘ಡೆಲಿವರಿ’ ಎಂದು ಹೆಸರು. ಈ ವಿದ್ಯೆಯನ್ನು ಈಗ ಮನೆಯ ಗಣಕಯಂತ್ರದ ಮುಂದೆ ಕುಳಿತ ಹವ್ಯಾಸಿಗಳೂ ಕಲಿಯುತ್ತಿದ್ದಾರೆ. ಅದರ ಚರಿತ್ರೆಯನ್ನು ಕೆಲವು ಮಾತುಗಳಲ್ಲಿ ಹೇಳುವುದು ಈ ಭಾಷಣದ ಉದ್ದೇಶ.

ಆರಂಭದಲ್ಲಿ ಈ ಮಾತೂ ಇರಲಿಲ್ಲ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಂಚೆಯನ್ನು ಹೊತ್ತು ಮುಂಬಯಿಗೆ ಹಾರಿದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ನಮ್ಮ ಬಳ್ಳಾರಿಯ ಮೇಲಾಗಿ ಮದರಾಸಿಗೆ ಒಯ್ದರು. ಭಾರತದ ವಾಯುಯಾನದ ಮೊದಲ ಪುಟದಲ್ಲಿಯೇ ಕನ್ನಡ ನಾಡಿನ ಊರೊಂದರ ಹೆಸರಿದೆಯೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಆ ಪುಟ್ಟ ವಿಮಾನದಲ್ಲಿ ರೇಡಿಯೋ ಇರಲಿಲ್ಲ. ನೆಲದ ಮೇಲೆ ದಾರಿ ಹೇಳುವವರೂ ಇರಲಿಲ್ಲ. ಅಮೆರಿಕೆಯ ಸೇಂಟ್ ಲೂಯಿಸ್‌ನಲ್ಲಿ 1929ರ ಸುಮಾರಿಗೆ ಆರ್ಚಿ ಲೀಗ್ ಎಂಬಾತ ಕೈಗಾಡಿಯಲ್ಲಿ ತನ್ನ ಸಾಮಾನನ್ನು ತಳ್ಳಿಕೊಂಡು ಬಯಲಿಗೆ ಹೋಗಿ, ಬಾವುಟಗಳಿಂದ ‘ಹೊರಡು’, ‘ನಿಲ್ಲು’ ಎಂದು ಸನ್ನೆ ಮಾಡುತ್ತಿದ್ದನು. 1935ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬಳಿಯ ನೆವಾರ್ಕಿನಲ್ಲಿ ವಿಮಾನ ಕಂಪನಿಗಳೇ ಕೂಡಿಕೊಂಡು, ದಾರಿಯ ಮಧ್ಯದ ವಿಮಾನಗಳನ್ನು ದೂರ ದೂರ ಇಡುವ ಕೇಂದ್ರವೊಂದನ್ನು ತೆರೆದವು. ಮರುವರ್ಷ ಅಲ್ಲಿನ ಸರಕಾರ ಅದನ್ನು ವಹಿಸಿಕೊಂಡಿತು. ಅಲ್ಲಿಯ ನಿಯಂತ್ರಕರು ನಕಾಶೆಯ ಮೇಲೆ ಸಣ್ಣ ಗುರುತುಗಳನ್ನು ಸರಿಸುತ್ತ, ಯಾವ ವಿಮಾನ ಎಲ್ಲಿರಬೇಕೆಂದು ಲೆಕ್ಕ ಹಾಕುತ್ತಿದ್ದರು. ಆದರೆ ಅವರಿಗೆ ವಿಮಾನದೊಡನೆ ನೇರವಾಗಿ ಮಾತನಾಡುವ ಸೌಕರ್ಯವಿರಲಿಲ್ಲ. ಅವರು ಟೆಲಿಫೋನಿನಲ್ಲಿ ಕಂಪನಿಯವರಿಗೆ ಹೇಳಬೇಕು, ಕಂಪನಿಯವರು ರೇಡಿಯೋದಲ್ಲಿ ಚಾಲಕನಿಗೆ ಹೇಳಬೇಕು. ಕಿವಿಯಿಂದ ಕಿವಿಗೆ ದಾಟುವ ಮಾತು ಎಷ್ಟು ಬೇಗ ರೂಪ ಬದಲಿಸುತ್ತದೆಂಬುದು ಸಂತೆಯ ಸುದ್ದಿಯನ್ನು ಕೇಳಿದ ಎಲ್ಲರಿಗೂ ಗೊತ್ತು. ಕೇಳಿದ್ದನ್ನು ಮರಳಿ ಹೇಳಿಸುವ ಶಿಸ್ತಿನ ಅಗತ್ಯ ಇಂತಹ ಸರಪಳಿಯಲ್ಲಿಯೇ ಎದ್ದು ಕಾಣುತ್ತದೆ.

ಕಾಲಕ್ರಮದಲ್ಲಿ ಈ ಅನುಮತಿಗೆ ಒಂದು ಕಟ್ಟು ಬಂದಿತು. ಎಲ್ಲಿಯವರೆಗೆ ಹೋಗಬಹುದು, ಯಾವ ಮಾರ್ಗದಿಂದ, ಮೊದಲು ಎಷ್ಟು ಎತ್ತರದವರೆಗೆ ಏರಬಹುದು, ಮೇಲೇರಿದ ಮೇಲೆ ಯಾವ ತರಂಗಾಂತರದಲ್ಲಿ ಮಾತನಾಡಬೇಕು, ರಾಡಾರಿನ ಪರದೆಯ ಮೇಲೆ ಗುರುತು ಹಿಡಿಯಲು ಯಾವ ಸಂಕೇತಾಂಕ ಎಂಬ ಐದು ಅಂಗಗಳು ಒಂದೇ ಅನುಕ್ರಮದಲ್ಲಿ ಬರುತ್ತವೆ. ಸಂಕೇತಾಂಕ ನಾಲ್ಕು ಅಂಕಿಗಳದು. ಅದರಲ್ಲಿ 8 ಮತ್ತು 9 ಎಂದೂ ಬರುವುದಿಲ್ಲ. ಆದುದರಿಂದ ಒಟ್ಟು 4096 ಸಂಕೇತಗಳು ಮಾತ್ರ ಸಾಧ್ಯ. ಇವುಗಳಲ್ಲಿ 7500, 7600, 7700 ಇವು ಅಪಹರಣ, ರೇಡಿಯೋ ಕೆಟ್ಟಿರುವುದು, ಆಪತ್ತು ಎಂಬ ಅರ್ಥಗಳಿಗೆ ಮೀಸಲು. ಅಂಕಿಗಳನ್ನು ಬಿಡಿಬಿಡಿಯಾಗಿಯೇ ನುಡಿಯಬೇಕು. ಇಂಗ್ಲಿಷಿನ ‘ಫಿಫ್ಟೀನ್’, ‘ಫಿಫ್ಟಿ’ಗಳು ಗದ್ದಲದಲ್ಲಿ ಒಂದೇ ಆಗಿ ಕೇಳುತ್ತವೆ. ನಮ್ಮ ‘ಇಪ್ಪತ್ತು’, ‘ಎಪ್ಪತ್ತು’ಗಳ ಅವಸ್ಥೆಯೂ ಅದೇ ಅಲ್ಲವೆ? 1956ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಅಕ್ಷರಮಾಲೆ ‘ಆಲ್ಫಾ’, ‘ಬ್ರಾವೋ’ ಎಂದು ಸಾಗುತ್ತದೆ. ಅಂಕಿಗಳ ಉಚ್ಚಾರದಲ್ಲಿ ಮೂರು ‘ಟ್ರೀ’ ಆಯಿತು, ಐದು ‘ಫೈಫ್’ ಆಯಿತು, ಒಂಬತ್ತು ‘ನೈನರ್’ ಆಯಿತು. ಶುದ್ಧ ಉಚ್ಚಾರಕ್ಕಾಗಿ ಜೀವ ತೇದ ಭಾಷಾಧ್ಯಾಪಕರಿಗೆ ಇದು ಅಪಚಾರವೆನಿಸಬಹುದು. ಆದರೆ ನಾನಾ ನಾಡುಗಳ ನಾಲಗೆಗಳಿಗೂ ಕಿವಿಗಳಿಗೂ ಒಗ್ಗುವಂತೆ ತಿದ್ದಿದ ಮಾತಿಗೆ ಒಂದು ಬಗೆಯ ಶುದ್ಧಿ ಇದೆಯೆಂದೇ ನಾನು ತಿಳಿಯುತ್ತೇನೆ.

ಈ ಅನುಮತಿಯ ವಿಷಯದಲ್ಲಿ ಆರಂಭಿಕನು ಮೊದಲು ತಿಳಿಯಬೇಕಾದ ಸೂಕ್ಷ್ಮವೊಂದಿದೆ. ಅದು ದಾರಿಯ ಅಪ್ಪಣೆಯೇ ಹೊರತು ಹೊರಡುವ ಅಪ್ಪಣೆಯಲ್ಲ. ಅದನ್ನು ಪಡೆದ ವಿಮಾನ ನಿಂತಲ್ಲಿಂದ ಒಂದಡಿಯೂ ಕದಲುವಂತಿಲ್ಲ. ಕದಲುವುದಕ್ಕೆ, ಓಡುದಾರಿಯನ್ನು ಸೇರುವುದಕ್ಕೆ, ಮೇಲೇರುವುದಕ್ಕೆ ಬೇರೆ ಬೇರೆ ಅಪ್ಪಣೆಗಳು ಬೇಕು. ಈ ಎರಡರ ಗೊಂದಲದಿಂದಲೇ 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಘೋರ ಅನಾಹುತವಾಯಿತು. ನೆರೆಯ ದ್ವೀಪದ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ಹಲವು ದೊಡ್ಡ ವಿಮಾನಗಳು ಈ ಸಣ್ಣ ನಿಲ್ದಾಣದಲ್ಲಿ ಬಂದು ಇಕ್ಕಟ್ಟಿನಲ್ಲಿ ನಿಂತಿದ್ದವು. ಮಂಜು ಕವಿದಿತ್ತು. ಕೆ.ಎಲ್.ಎಂ. ಕಂಪನಿಯ ಜಂಬೋ ವಿಮಾನ ಓಡುದಾರಿಯ ತುದಿಯಲ್ಲಿ ತಿರುಗಿ ನಿಂತ ಮೇಲೆ ಅದಕ್ಕೆ ಮಾರ್ಗದ ಅನುಮತಿ ಬಂದಿತು. ಮೇಲೇರಿದ ನಂತರ ಎತ್ತ ತಿರುಗಬೇಕೆಂದು ಹೇಳುವಾಗ ‘ಟೇಕಾಫ್’ ಎಂಬ ಶಬ್ದವೂ ಅದರಲ್ಲಿ ಸೇರಿತ್ತು. ಸಹಚಾಲಕ ಮರುನುಡಿಯನ್ನು ಹೇಳಿ ಮುಗಿಸುವಷ್ಟರಲ್ಲಿಯೇ ಕ್ಯಾಪ್ಟನ್ ವಿಮಾನವನ್ನು ಓಡಿಸತೊಡಗಿದ್ದರು. ಸಹಚಾಲಕ ಕೊನೆಗೆ ಸೇರಿಸಿದ ಮಾತು ‘ಏರಲು ಸಿದ್ಧವಾಗಿದ್ದೇವೆ’ ಎಂದೋ ‘ಏರುತ್ತಿದ್ದೇವೆ’ ಎಂದೋ ತಿಳಿಯದಂತಿತ್ತು. ಕಾಯಿರಿ ಎಂದ ಗೋಪುರದ ಮಾತೂ, ನಾವಿನ್ನೂ ಓಡುದಾರಿಯಲ್ಲಿದ್ದೇವೆ ಎಂದ ಪ್ಯಾನ್ ಆಮ್ ವಿಮಾನದ ಮಾತೂ ಏಕಕಾಲಕ್ಕೆ ಹೊರಟು, ರೇಡಿಯೋದಲ್ಲಿ ಒಂದು ಕಿರುಚು ಮಾತ್ರ ಉಳಿಯಿತು. ಸತ್ತವರು 583 ಜನ.

ಆ ಕ್ಯಾಪ್ಟನ್ ಅನನುಭವಿಯಾಗಿರಲಿಲ್ಲ. ಅವರು ತಮ್ಮ ಕಂಪನಿಯಲ್ಲಿ ಇತರ ಚಾಲಕರಿಗೆ ಶಿಕ್ಷಣ ಕೊಡುವ ಹಿರಿಯರು; ವರ್ಷಗಳ ಕಾಲ ಕೃತಕ ವಿಮಾನದಲ್ಲಿ, ಅಂದರೆ ಸಿಮ್ಯುಲೇಟರಿನಲ್ಲಿ, ಪಾಠ ಹೇಳಿದವರು. ಅಲ್ಲಿ ಗೋಪುರದ ಪಾತ್ರವನ್ನು ಶಿಕ್ಷಕರೇ ವಹಿಸುತ್ತಾರೆ. ಎಷ್ಟೋ ವೇಳೆ ಅನುಮತಿಗಾಗಿ ಕಾಯದೆಯೇ ಅಭ್ಯಾಸ ಮುಂದುವರಿಯುತ್ತದೆ. ಈ ರೂಢಿಯ ಪರಿಣಾಮವೂ ಇದ್ದಿರಬಹುದೆಂಬ ಸಂಗತಿ ತನಿಖೆಯಲ್ಲಿ ಎದ್ದಿತು. ನನ್ನ ಮಟ್ಟಿಗೆ ಇಡೀ ದುರಂತದಲ್ಲಿ ಅತ್ಯಂತ ಚಿಂತನೀಯವಾದ ಅಂಶ ಇದು. ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಹೇಳಿಕೊಳ್ಳುವ ಶಿಕ್ಷಣದಲ್ಲಿ ಎದುರಿನವನಿಗಾಗಿ ಕಾಯುವ ಗುಣ ಬೆಳೆಯಲಾರದು. ಮುಂದೆ ‘ಟೇಕಾಫ್’ ಶಬ್ದವನ್ನು ನಿಜವಾಗಿ ಮೇಲೇರುವ ಅಪ್ಪಣೆಯನ್ನು ಕೊಡುವಾಗ, ಇಲ್ಲವೆ ಹಿಂತೆಗೆಯುವಾಗ ಮಾತ್ರ ಬಳಸಬೇಕೆಂದು ಕಟ್ಟುಮಾಡಿದರು. ಉಳಿದೆಡೆಯಲ್ಲಿ ‘ನಿರ್ಗಮನ’ ಎಂಬರ್ಥದ ‘ಡಿಪಾರ್ಚರ್’ ಬಂದಿತು.

ನಮ್ಮ ದೇಶವೂ ಇಂತಹ ಪಾಠವನ್ನು ದುಬಾರಿ ಬೆಲೆಗೆ ಕಲಿತಿದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ವಿಮಾನವೂ ಕಜಾಕಸ್ತಾನದ ವಿಮಾನವೂ ಡಿಕ್ಕಿ ಹೊಡೆದು 349 ಜನ ಸತ್ತರು. ಕಜಾಕ್ ವಿಮಾನ 15,000 ಅಡಿಯಲ್ಲಿ ಉಳಿಯಬೇಕಾಗಿತ್ತು. ಅದು 14,000ಕ್ಕೆ ಇಳಿದುಬಂದಿತ್ತು. ರೇಡಿಯೋದಲ್ಲಿ ಮಾತನಾಡಿದವರು ಒಬ್ಬರು, ವಿಮಾನವನ್ನು ನಡೆಸಿದವರು ಇನ್ನೊಬ್ಬರು. ಇಂಗ್ಲಿಷಿನ ಕೊರತೆ ಬೇರೆ. ಮರುನುಡಿ ನಾಲಗೆಯ ಮೇಲೆ ಸರಿಯಾಗಿದ್ದು ಕೈಗೆ ತಲುಪದಿದ್ದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಈಗ ಕೃತಕ ವಿಮಾನದ ಮಾತಿಗೆ ಬರೋಣ. ಅಮೆರಿಕೆಯ ಎಡ್ವಿನ್ ಲಿಂಕ್ ಆರ್ಗನ್ ವಾದ್ಯಗಳನ್ನು ಕಟ್ಟುವವರ ಮಗ. 1929ರಲ್ಲಿ ಅವನು ಆ ವಾದ್ಯದ ತಿದಿಗಳನ್ನೇ ಬಳಸಿ, ನೆಲದ ಮೇಲೆ ನಿಂತೇ ಓಲಾಡುವ ವಿಮಾನವನ್ನು ಮಾಡಿದನು. ಒಳಗೆ ವಿದ್ಯಾರ್ಥಿ, ಹೊರಗೆ ಮೇಜಿನ ಮುಂದೆ ಶಿಕ್ಷಕ, ಅವನೇ ಗೋಪುರದ ದನಿ. 1982ರಲ್ಲಿ ಮೈಕ್ರೋಸಾಫ್ಟಿನವರು ಹೊರತಂದ ‘ಫ್ಲೈಟ್ ಸಿಮ್ಯುಲೇಟರ್’ ಈ ಆಟವನ್ನು ಮನೆಮನೆಗೆ ತಂದಿತು. ಆದರೆ ಅಲ್ಲಿ ಆಡುವವನು ಬಹುಕಾಲ ಒಂಟಿ. 2001ರಲ್ಲಿ ಆರಂಭವಾದ ವ್ಯಾಟ್‌ಸಿಮ್ ಎಂಬ ಜಾಲ ಜಗತ್ತಿನ ಹವ್ಯಾಸಿಗಳನ್ನು ಒಂದುಗೂಡಿಸಿದ ಮೇಲೆ, ಒಬ್ಬನು ಚಾಲಕನಾಗಿ, ಇನ್ನೊಬ್ಬನು ನಿಯಂತ್ರಕನಾಗಿ, ಕಂಡರಿಯದ ಇಬ್ಬರು ಮನುಷ್ಯರು ಎದುರುಬದುರಾದರು. ನಮ್ಮ ಕಲಘಟಗಿ ತಾಲೂಕಿನ ದುಮ್ಮವಾಡದಲ್ಲಿ, ನೀರಸಾಗರದ ಗಾಳಿ ಬೀಸುವ ಮನೆಯ ಪಡಸಾಲೆಯಲ್ಲಿ ಕುಳಿತ ತರುಣನೂ ತರಬೇತಿ ಪಡೆದರೆ ಬೆಂಗಳೂರಿನ ಡೆಲಿವರಿಯ ದನಿಯಾಗಬಹುದು. ಎದುರಿನ ಚಾಲಕ ಬರ್ಲಿನ್ನಿನಲ್ಲಿದ್ದಾನು, ಬಳ್ಳಾರಿಯಲ್ಲಿದ್ದಾನು.

ಅಲ್ಲಿ ಕಲಿಕೆಯ ಮೊದಲ ಮೆಟ್ಟಿಲಿನಲ್ಲಿಯೇ ಡೆಲಿವರಿ ಇರುವುದು ಯುಕ್ತವಾಗಿದೆ. ವಿಮಾನ ನಿಂತಿರುತ್ತದೆ, ತಪ್ಪಿದರೆ ತಿದ್ದಲು ವ್ಯವಧಾನವಿದೆ. ಹೊಸಬನು ಚಾಲಕನು ಸಲ್ಲಿಸಿದ ಪ್ರಯಾಣಪತ್ರವನ್ನು ಮೊದಲು ಓದಬೇಕು. ಮಾರ್ಗ ಸರಿಯಿದೆಯೆ, ಕೇಳಿದ ಎತ್ತರ ಆ ದಿಕ್ಕಿಗೆ ಹೊಂದುತ್ತದೆಯೆ ಎಂದು ನೋಡಬೇಕು. ಬರೆದುಕೊಳ್ಳಲು ಸಿದ್ಧವೆ ಎಂದು ವಿಚಾರಿಸಿ, ಬರೆಯುವ ಕೈ ಹಿಂದೆ ಬೀಳದ ವೇಗದಲ್ಲಿ ಹೇಳಬೇಕು. ನಮ್ಮ ಸಾಲಿಗಳಲ್ಲಿ ಉಕ್ತಲೇಖನ ಹೇಳುತ್ತಿದ್ದ ಒಳ್ಳೆಯ ಮಾಸ್ತರರು ಮಕ್ಕಳ ಸೀಸಕಡ್ಡಿಗಳನ್ನು ನೋಡುತ್ತಲೇ ಮುಂದಿನ ಶಬ್ದಕ್ಕೆ ಹೋಗುತ್ತಿದ್ದುದನ್ನು ಇಲ್ಲಿ ನೆನೆಯಬಹುದು. ಬಳಿಕ ಬರುವುದೇ ನಿಜವಾದ ಪರೀಕ್ಷೆ. ಹೇಳುವುದು ಕೆಲವು ದಿನಗಳಲ್ಲಿ ಬಾಯಿಗೆ ಬರುತ್ತದೆ, ಆಲಿಸುವುದು ಬರುವುದಿಲ್ಲ. ತಾನು ಈಗತಾನೆ ಹೇಳಿದ ಅಂಕಿಯೇ ಮರಳಿ ಬರುತ್ತದೆಂದು ಮನಸ್ಸು ನಿರೀಕ್ಷಿಸುತ್ತಿರುತ್ತದೆ; ಕಿವಿ ಆ ನಿರೀಕ್ಷೆಯನ್ನೇ ಕೇಳಿಬಿಡುತ್ತದೆ. ಆದುದರಿಂದ ಬಲ್ಲ ಶಿಕ್ಷಕರು ಚಾಲಕನ ಪಾತ್ರದಲ್ಲಿ ಬೇಕೆಂದೇ ಎರಡಂಕಿಗಳನ್ನು ಅದಲುಬದಲಾಗಿ ನುಡಿಯುತ್ತಾರೆ: 4231ಕ್ಕೆ 4213. ಶಿಷ್ಯ ‘ಸರಿ’ ಎಂದನೋ, ಪಾಠ ಮೊದಲಿನಿಂದ.

ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವವರಿದ್ದಾರೆ. ಈ ಜಾಲದ ಅರ್ಹತೆಯಿಂದ ನಿಜವಾದ ಗೋಪುರದಲ್ಲಿ ಕೆಲಸ ದೊರೆಯದು. ಅದಕ್ಕೆ ಬೇರೆಯೇ ಆದ ಪರೀಕ್ಷೆಗಳೂ, ಪ್ರಯಾಗರಾಜದಂತಹ ಕಡೆಯ ಸರಕಾರಿ ಶಿಕ್ಷಣವೂ ಇವೆ. ಆದರೂ ಟೆನೆರಿಫ್‌ನ ಕ್ಯಾಪ್ಟನ್ನರ ಸಿಮ್ಯುಲೇಟರಿನಲ್ಲಿ ಇಲ್ಲದಿದ್ದುದು ಈ ಹವ್ಯಾಸಿಗಳ ಬಡ ಯಂತ್ರದಲ್ಲಿದೆ: ಉತ್ತರ ಬರುವವರೆಗೆ ಕಾಯಿಸುವ ಇನ್ನೊಬ್ಬ ಮನುಷ್ಯ.

ವಿಚಿತ್ರವೆಂದರೆ ಜಗತ್ತಿನ ದೊಡ್ಡ ನಿಲ್ದಾಣಗಳಲ್ಲಿ ಈ ಅನುಮತಿ ಈಗ ಹೆಚ್ಚಾಗಿ ದನಿಯನ್ನು ಬಿಟ್ಟು ಅಕ್ಷರವಾಗುತ್ತಿದೆ. ಚಾಲಕನ ಮುಂದಿನ ಪರದೆಯ ಮೇಲೆ ಅದು ಮೂಡುತ್ತದೆ. ಅವನು ಗುಂಡಿಯೊತ್ತಿ ಒಪ್ಪಿಕೊಳ್ಳುತ್ತಾನೆ. ಟೋಕನ್ ಮತ್ತೆ ಕೈಗೆ ಬಂದಂತೆಯೇ ಸರಿ. ಕೊನೆಯ ಗಳಿಗೆಯಲ್ಲಿ ಮಾರ್ಗ ಬದಲಾದಾಗ, ಇಲ್ಲವೆ ಪರದೆ ಕೈಕೊಟ್ಟಾಗ ಮಾತ್ರ ಹಳೆಯ ದನಿ ಬೇಕಾಗುತ್ತದೆ. ಆಗ ಪೆನ್ಸಿಲನ್ನು ಕೈಗೆತ್ತಿಕೊಂಡು, ಅಂಕಿ ಅಂಕಿಯಾಗಿ ಮರಳಿ ನುಡಿಯಬೇಕು.