ಗೆಲಾಕ್ಸಿಗುಚ್ಛಗಳಲ್ಲಿ ಸೂಪರ್‌ನೋವಾ ಶೋಧನೆಯ ಪೂರ್ವೋತ್ತರ

ದೂರದ ಗೆಲಾಕ್ಸಿಗಳಲ್ಲಿ ನಕ್ಷತ್ರಗಳು ಸಿಡಿದಾಗ ತೋರುವ ಮಹಾತೇಜಸ್ಸಿಗೆ ವಾಲ್ಟರ್ ಬಾಡೆ ಮತ್ತು ಫ್ರಿಟ್ಸ್ ಜ್ವಿಕಿ ಎಂಬ ಜ್ಯೋತಿರ್ವಿದರು 1934ರ ತಮ್ಮ ಲೇಖನಗಳಲ್ಲಿ ಸೂಪರ್‌ನೋವಾ ಎಂಬ ಹೆಸರನ್ನು ಬಳಸಿದರು. ನೋವಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಹೊಸತು ಎಂದರ್ಥ. ನಾಶಹೊಂದುತ್ತಿರುವ ತಾರೆಗೆ ಇದು ಅನ್ವರ್ಥವಲ್ಲವಾದರೂ, ಇಲ್ಲಿಯೂ ಯೋಗಾರ್ಥಕ್ಕಿಂತ ರೂಢ್ಯರ್ಥವೇ ಬಲವಾಗಿ ನಿಂತಿದೆ.

ಇವುಗಳಲ್ಲಿ ಒಂದನೆಯ-ಎ ಎಂಬ ವರ್ಗದವು ಶ್ವೇತಕುಬ್ಜ ತಾರೆಗಳ ಸ್ಫೋಟದಿಂದ ಉಂಟಾಗುವುವು. ಅಂತಹ ತಾರೆಯ ದ್ರವ್ಯರಾಶಿಗೆ ಸೂರ್ಯನ ಸುಮಾರು 1.4 ಪಾಲಿನ ಮಿತಿಯುಂಟೆಂಬುದು ಸುಬ್ರಹ್ಮಣ್ಯನ್ ಚಂದ್ರಶೇಖರರ ಗಣಿತದಿಂದ ಸಿದ್ಧವಾದ ಸಂಗತಿ. ಈ ವರ್ಗದವುಗಳ ಪರಮ ಕಾಂತಿಯು ಬಹುಮಟ್ಟಿಗೆ ಸಮಾನವಾದುದರಿಂದ, ತೋರುವ ಕಾಂತಿಯಿಂದ ದೂರವನ್ನು ನಿರ್ಣಯಿಸಬಹುದು. ಆದರೆ ಒಂದು ತೊಡಕುಂಟು. ನಡುವೆ ಧೂಳಿದ್ದರೆ ಬೆಳಕು ಕುಂದಿ ಕೆಂಪಾಗುವುದು. ಹತ್ತಿರದ ದೀಪವೇ ದೂರದ್ದೆಂಬ ಭ್ರಾಂತಿ ಹುಟ್ಟುವುದು. ವಿಶ್ವದ ಅಳತೆಯೇ ಇದನ್ನು ಅವಲಂಬಿಸಿರುವಾಗ ಈ ಭ್ರಾಂತಿಯನ್ನು ಅಲ್ಪವೆಂದು ಬಿಡುವಂತಿಲ್ಲ.

ದೂರದ ಗುಚ್ಛಗಳನ್ನೇ ಗುರಿಯಾಗಿಟ್ಟುಕೊಂಡು ಶೋಧಿಸಿದವರಲ್ಲಿ ನೋರ್ಗಾರ್ಡ್-ನೀಲ್ಸೆನ್ ಮೊದಲಾದ ಡೆನ್ಮಾರ್ಕಿನ ವಿದ್ವಾಂಸರು ಮುಂಚಿನವರು. ಚಿಲಿ ದೇಶದ ಲಾ ಸಿಲ್ಲಾ ಪರ್ವತದಿಂದ ಹುಡುಕಿದ ಇವರಿಗೆ 1988ರಲ್ಲಿ, 0.31ರ ಕೆಂಪು ಪಲ್ಲಟವುಳ್ಳ ಗುಚ್ಛವೊಂದರಲ್ಲಿ, ಒಂದು ಸೂಪರ್‌ನೋವಾ ದೊರೆಯಿತು. ಆ ವೇಳೆಗೆ ಅದರ ಕಾಂತಿ ಪರಮಾವಧಿಯನ್ನು ದಾಟಿ ಇಳಿಯತೊಡಗಿತ್ತು. ಆದರೂ ಆ ಶ್ರಮವನ್ನು ನಿಷ್ಫಲವೆನ್ನುವುದು ನ್ಯಾಯವಲ್ಲ. ದಾರಿ ಉಂಟೆಂಬುದನ್ನು ತೋರಿಸಿದವರು ಅವರೇ.

ಆಕಸ್ಮಿಕವನ್ನು ಕಾಲನಿಯಮಕ್ಕೆ ಒಳಪಡಿಸಿದ ಕೀರ್ತಿ ಬರ್ಕ್ಲಿಯ ಸಾಲ್ ಪರ್ಲ್‌ಮಟರ್ ಅವರ ತಂಡಕ್ಕೆ ಸಲ್ಲತಕ್ಕದ್ದು. ಅಮಾವಾಸ್ಯೆ ಕಳೆದೊಡನೆ ಸಾವಿರಾರು ಗೆಲಾಕ್ಸಿಗಳನ್ನು ಚಿತ್ರಿಸುವುದು, ಮುಂದಿನ ಅಮಾವಾಸ್ಯೆಗೆ ಮುನ್ನ ಅವನ್ನೇ ಮತ್ತೆ ಚಿತ್ರಿಸಿ ಹೋಲಿಸುವುದು, ಇದೇ ಆ ಕ್ರಮ. ಇದರಿಂದ, ಏರುತ್ತಿರುವ ತೇಜಸ್ಸುಗಳು ಚಂದ್ರನ ಬಾಧೆಯಿಲ್ಲದ ರಾತ್ರಿಗಳ ಮೊದಲಲ್ಲೇ ಕೈಗೆ ಸಿಕ್ಕುವುವು. ವಿಶ್ವದ ಹಿಗ್ಗುವಿಕೆ ವೇಗಗೊಳ್ಳುತ್ತಿದೆಯೆಂದು 1998ರಲ್ಲಿ ಎರಡು ತಂಡಗಳು ಸಾರಿದುದು ಇಂತಹ ಶೋಧನೆಗಳ ಆಧಾರದಿಂದಲೇ.

ಇನ್ನೂ ದೂರಕ್ಕೆ ಹೋದಂತೆ ಬೆಳಕು ಅವಗೆಂಪಿನತ್ತ ಸರಿಯುವುದು. ಅಲ್ಲಿ ಭೂಮಿಯ ವಾತಾವರಣದ ಹೊಳಪೇ ವಿಘ್ನ. ಆದುದರಿಂದ ಹಬಲ್ ಅಂತರಿಕ್ಷ ದೂರದರ್ಶಕವೇ ಬೇಕಾಯಿತು. ಅದರ ಕಾಲವಾದರೋ ದುರ್ಲಭ. ಬರಿಯ ಆಕಾಶವನ್ನು ನೋಡುತ್ತ ಕಳೆಯುವಂತಹುದಲ್ಲ. ಇದಕ್ಕಾಗಿ ಪರ್ಲ್‌ಮಟರ್ ಅವರ ತಂಡವು 0.9ರಿಂದ 1.46ರವರೆಗಿನ ಕೆಂಪು ಪಲ್ಲಟವುಳ್ಳ 25 ಗುಚ್ಛಗಳನ್ನು ಆರಿಸಿ, 219 ಪ್ರದಕ್ಷಿಣೆಗಳ ಕಾಲವನ್ನು ಪಡೆದು, 2005ರ ಜುಲೈನಿಂದ 2006ರ ಡಿಸೆಂಬರಿನವರೆಗೆ ಶೋಧಿಸಿತು. ಗುಚ್ಛಗಳಲ್ಲಿ ಗೆಲಾಕ್ಸಿಗಳು ದಟ್ಟವಾಗಿರುವುದು ಒಂದು ಕಾರಣ ಮಾತ್ರ. ಅದಕ್ಕಿಂತ ಮುಖ್ಯವಾದುದು, ಅಲ್ಲಿ ಹೇರಳವಾಗಿರುವ ದೀರ್ಘವೃತ್ತಾಕಾರದ ಮುದಿ ಗೆಲಾಕ್ಸಿಗಳಲ್ಲಿ ಧೂಳು ಅತ್ಯಲ್ಪವೆಂಬುದು. ಪ್ರತಿ ಗುಚ್ಛವನ್ನೂ 20ರಿಂದ 26 ದಿನಗಳಿಗೊಮ್ಮೆ ನೋಡುವಂತೆ ಗೊತ್ತುಮಾಡಲಾಯಿತು. ಕೆಂಪು ಪಲ್ಲಟ 1.2 ಆದಲ್ಲಿ ಸ್ಫೋಟದ ಏರಿಳಿತವೂ ನಮಗೆ 2.2 ಪಟ್ಟು ನಿಧಾನವಾಗಿ ತೋರುವುದರಿಂದ ಇಷ್ಟು ಅಂತರ ಸಾಲುವುದು. ಹುಡುಕಲು ತೆಗೆದ ಚಿತ್ರವೇ ಕಾಂತಿಯನ್ನು ಅಳೆಯಲೂ ಒದಗುವುದು. ಈ ಮಿತವ್ಯಯವೇ ಯೋಜನೆಯ ಜಾಣ್ಮೆ.

ಶೋಧನೆ ಮುಗಿದ ಮರುತಿಂಗಳೇ, 2007ರ ಜನವರಿಯಲ್ಲಿ, ಅದಕ್ಕೆ ಬಳಸಿದ ಕ್ಯಾಮೆರಾ ಕೆಟ್ಟುಹೋಯಿತು. ಗಗನಯಾತ್ರಿಗಳು ಹೋಗಿ ಅದನ್ನು ಸರಿಪಡಿಸಿದುದು 2009ರಲ್ಲಿ. ಅಷ್ಟರಲ್ಲಿ 0.95ನ್ನು ಮೀರಿದ ಕೆಂಪು ಪಲ್ಲಟದ 16 ಸೂಪರ್‌ನೋವಾಗಳು ಸಿಕ್ಕಿದ್ದುವು. ಅವುಗಳಲ್ಲಿ 9 ಗುಚ್ಛಗಳೊಳಗಿನವು. ಉಳಿದ 7 ಗುಚ್ಛಗಳಿಗೆ ಸೇರದೆ, ಅದೇ ಚಿತ್ರಗಳಲ್ಲಿ ತಾವಾಗಿ ಬಂದು ಬಿದ್ದುವು.